ಡಬಲ್ ಬಿದ್ದರೇ ಲೆಗ್: ಗ್ಯಾರಿ ಆಂಡರ್ಸನ್ ಮತ್ತು ಡಾರ್ಟ್ಸ್ ಕುರಿತು ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯ ಕ್ರೀಡಾ ಪುಟದಲ್ಲಿ ಸ್ಕಾಟ್ಲೆಂಡಿನ ಡಾರ್ಟ್ಸ್ ಆಟಗಾರ ಗ್ಯಾರಿ ಆಂಡರ್ಸನ್ ಬಗ್ಗೆ ಒಂದು ಚಿಕ್ಕ ಟಿಪ್ಪಣಿ ಪ್ರಕಟವಾಗಿತ್ತು. ಅದನ್ನು ಓದಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಹಲವರು ಕಾಗದ ಬರೆದಿದ್ದಾರೆ. ಕೆಲವರಿಗೆ ಆಂಡರ್ಸನ್ ಬಗ್ಗೆ ಇನ್ನಷ್ಟು ತಿಳಿಯಬೇಕು. ಇನ್ನು ಕೆಲವರಿಗೆ ಗಲ್ಫಿನಿಂದ ಬಂದ ಬೋರ್ಡನ್ನು ಮನೆಯ ಗೋಡೆಗೆ ಹೇಗೆ ಹಾಕುವುದೆಂಬ ಚಿಂತೆ. ಎರಡಕ್ಕೂ ಇಲ್ಲಿ ಉತ್ತರವಿದೆ. ಒಂದೇ ತೆರನ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ಆಂಡರ್ಸನ್ ಎರಡು ಸಲ ವಿಶ್ವ ಚಾಂಪಿಯನ್ ಎಂದು ಬರೆದಿದ್ದೀರಿ. ಆದರೆ ಮೊದಲ ಪಟ್ಟ ಸಿಗುವಾಗ ಅವರಿಗೆ 44 ವರ್ಷ ಆಗಿತ್ತಂತೆ. ಅಷ್ಟು ತಡವಾದದ್ದು ಯಾಕೆ?
(ಕಾಲೇಜು ವಿದ್ಯಾರ್ಥಿ, ಉಪ್ಪಳ)

ಉತ್ತರ: ಒಂದೇ ಮಾತಿನಲ್ಲಿ ಹೇಳುವುದಾದರೆ, ಡಬಲ್, ಅಂದರೆ ಆಟ ಮುಗಿಸುವ ಡಾರ್ಟ್ ಸಾಮಾನ್ಯವಾಗಿ ಬೀಳಬೇಕಾದ, ಬೋರ್ಡಿನ ಹೊರಗಿನ ತೆಳು ಪಟ್ಟಿ. ಅಂಕ ಪೇರಿಸುವುದರಲ್ಲಿ ಅವರನ್ನು ಹಿಡಿಯುವವರು ಮೊದಲಿನಿಂದಲೂ ಕಡಿಮೆ. ಆಟ ಮುಗಿಸಬೇಕಾದ ಹೊತ್ತಿಗೆ ಡಬಲ್ ಕೈಕೊಡುತ್ತಿತ್ತು.

ಆಂಡರ್ಸನ್ ಹುಟ್ಟಿದ್ದು 1970ರ ಡಿಸೆಂಬರ್ 22ರಂದು, ಎಡಿನ್‌ಬರೋ ಪಕ್ಕದ ಮಸಲ್‌ಬರೋ ಪಟ್ಟಣದಲ್ಲಿ. ಆರಂಭದಲ್ಲಿ ಆಡಿದ್ದು ಬಿಡಿಒ ಎಂಬ ಹಳೆಯ ಸಂಸ್ಥೆಯ ಕೂಟಗಳಲ್ಲಿ. 2007ರಲ್ಲಿ ನೆದರ್‌ಲೆಂಡ್ಸಿನ ಇಂಟರ್‌ನ್ಯಾಷನಲ್ ಡಾರ್ಟ್ಸ್ ಲೀಗ್ ಮತ್ತು ವರ್ಲ್ಡ್ ಡಾರ್ಟ್ಸ್ ಟ್ರೋಫಿ ಎರಡನ್ನೂ ಗೆದ್ದರು. ಆದರೆ ಬಿಡಿಒ ವಿಶ್ವ ಪಟ್ಟ ಒಮ್ಮೆಯೂ ಸಿಗಲಿಲ್ಲ. 2009ರಲ್ಲಿ ಹೆಚ್ಚು ಹಣ, ಹೆಚ್ಚು ಪೈಪೋಟಿ ಇರುವ ಪಿಡಿಸಿ ಎಂಬ ಇನ್ನೊಂದು ಸಂಸ್ಥೆಗೆ ಬಂದರು. 2011ರ ಜನವರಿಯಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ ಮೊದಲ ಸಲ ವಿಶ್ವ ಫೈನಲ್ ಆಡಿ ಏಡ್ರಿಯನ್ ಲೂಯಿಸ್ ಎದುರು 5–7 ಸೆಟ್‌ಗಳಿಂದ ಸೋತರು. ಅದೇ ಫೈನಲಿನ ಮೊದಲ ಸೆಟ್‌ನಲ್ಲಿ ಲೂಯಿಸ್ ಒಂಬತ್ತೇ ಡಾರ್ಟ್‌ನಲ್ಲಿ 501 ಅಂಕದ ಒಂದು ಲೆಗ್ (ಸೆಟ್ಟಿನೊಳಗಿನ ಒಂದು ಆಟ) ಮುಗಿಸಿದ್ದರು. ವಿಶ್ವ ಫೈನಲಿನಲ್ಲಿ ಅಂಥದ್ದು ನಡೆದದ್ದು ಅದೇ ಮೊದಲು. ಕೆಲವೇ ತಿಂಗಳಲ್ಲಿ ಪ್ರೀಮಿಯರ್ ಲೀಗ್ ಫೈನಲಿನಲ್ಲಿ ಆಂಡರ್ಸನ್ ಅದೇ ಲೂಯಿಸ್ ಅವರನ್ನು 10–4ರಿಂದ ಸೋಲಿಸಿದರು. ಆದರೆ ಆಮೇಲೆ ಸಹೋದರನನ್ನೂ ತಂದೆಯನ್ನೂ ಹೆಚ್ಚು ಅಂತರವಿಲ್ಲದೆ ಕಳೆದುಕೊಂಡರು. ಎರಡು ಮೂರು ವರ್ಷ ಆಟ ಮಂಕಾಯಿತು.

ತಿರುವು ಬಂದದ್ದು 2014ರ ಕೊನೆಗೆ. ನವೆಂಬರಿನಲ್ಲಿ ಪ್ಲೇಯರ್ಸ್ ಚಾಂಪಿಯನ್‌ಶಿಪ್ ಫೈನಲ್ಸ್ ಗೆದ್ದರು. 2015ರ ಜನವರಿ 4ರಂದು ವಿಶ್ವ ಫೈನಲಿನಲ್ಲಿ, ಅದಾಗಲೇ 16 ಸಲ ಚಾಂಪಿಯನ್ ಆಗಿದ್ದ ಫಿಲ್ ಟೇಲರ್ ಅವರನ್ನು 7–6ರಿಂದ ಸೋಲಿಸಿದರು. ಅಂದರೆ ಹದಿಮೂರನೆಯ, ಕಟ್ಟಕಡೆಯ ಸೆಟ್ಟಿನ ತನಕ ಹೋದ ಆಟ. ಅದೇ ವರ್ಷ ಮೈಕೆಲ್ ವಾನ್ ಗೆರ್ವನ್ ಅವರನ್ನು 11–7ರಿಂದ ಸೋಲಿಸಿ ಪ್ರೀಮಿಯರ್ ಲೀಗನ್ನು ಎರಡನೆಯ ಸಲ ತೆಗೆದುಕೊಂಡರು. 2016ರ ವಿಶ್ವ ಕೂಟದ ಸೆಮಿಫೈನಲಿನಲ್ಲಿ ಯೆಲ್ಲೆ ಕ್ಲಾಸೆನ್ ಎದುರು ಒಂಬತ್ತು ಡಾರ್ಟ್‌ನ ಲೆಗ್ ಆಡಿ, ಒಂದೂ ಸೆಟ್ ಬಿಡದೆ 6–0ಯಿಂದ ಗೆದ್ದರು. ಫೈನಲಿನಲ್ಲಿ ಲೂಯಿಸ್ ಅವರನ್ನು 7–5ರಿಂದ ಸೋಲಿಸಿದರು. ಐದು ವರ್ಷದ ಹಿಂದೆ ಸೋತ ಅಂಕವೂ ಅದೇ, ಎದುರಾಳಿಯೂ ಅವರೇ.

ಪ್ರಶ್ನೆ: ಟಿವಿಯಲ್ಲಿ ನೋಡಿದರೆ 180 ಹೆಚ್ಚು ಹೊಡೆದವನೇ ಕೆಲವೊಮ್ಮೆ ಸೋಲುತ್ತಾನೆ. ಲೆಕ್ಕ ತಿಳಿಯುವುದಿಲ್ಲ. ದಯವಿಟ್ಟು ವಿವರಿಸಿ.
(ಓದುಗರು, ಬದಿಯಡ್ಕ)

ಉತ್ತರ: ಇದಕ್ಕೆ ಆಂಡರ್ಸನ್ ಅವರದ್ದೇ ಉದಾಹರಣೆ ಇದೆ. 2017ರ ವಿಶ್ವ ಫೈನಲಿನಲ್ಲಿ ಅವರು 22 ಸಲ 180 (ಒಂದು ಸರದಿಯ ಮೂರು ಡಾರ್ಟಿಗೆ ಸಿಗುವ ಅತಿ ಹೆಚ್ಚು ಅಂಕ) ಹೊಡೆದರು, ವಾನ್ ಗೆರ್ವನ್ ಹೊಡೆದದ್ದು 20. ಒಂದೇ ಪಂದ್ಯದಲ್ಲಿ ಒಟ್ಟು 42, ಆ ಕಾಲಕ್ಕೆ ಅದು ದಾಖಲೆ. ಆದರೂ ಆಂಡರ್ಸನ್ 3–7ರಿಂದ ಸೋತರು. ಮೂರು ಡಾರ್ಟ್‌ನ ಸರಾಸರಿ ಅವರದ್ದು 104.93, ಗೆದ್ದವರದ್ದು 107.79. ಸೋತ ಸರಾಸರಿಯೇ ನೂರರ ಮೇಲೆ ಎಂಬುದನ್ನು ಗಮನಿಸಿ.

ಲೆಕ್ಕ ಹೀಗೆ. ಪ್ರತಿ ಲೆಗ್ 501ರಿಂದ ಶುರು. ಹೊಡೆದದ್ದನ್ನು ಕಳೆಯುತ್ತ ಸರಿಯಾಗಿ ಸೊನ್ನೆಗೆ ತರಬೇಕು, ಕೊನೆಯ ಡಾರ್ಟ್ ಡಬಲ್‌ನಲ್ಲಿ ಅಥವಾ ನಡುವಿನ ಬುಲ್‌ನಲ್ಲಿ ಬೀಳಬೇಕು. ಡಬಲ್ ಎಂದರೆ ಹೊರಗಿನ ತೆಳು ಪಟ್ಟಿ, ಅಲ್ಲಿ ಬಿದ್ದರೆ ಅಂಕ ಎರಡು ಪಟ್ಟು, ಅಗಲ 8 ಮಿಲಿಮೀಟರ್, ಒಂದು ಪೆನ್ಸಿಲಿಗಿಂತ ಚೂರು ಹೆಚ್ಚು. ಉಳಿದದ್ದಕ್ಕಿಂತ ಜಾಸ್ತಿ ಹೊಡೆದರೆ, ಒಂದೇ ಅಂಕ ಉಳಿದರೆ ಅಥವಾ ಡಬಲ್ ಇಲ್ಲದೆ ಸೊನ್ನೆಯಾದರೆ ಆ ಸರದಿ ಪೂರ್ತಿ ರದ್ದು. ಸರದಿಯ ಮೊದಲು ಎಷ್ಟಿತ್ತೋ ಅಷ್ಟಕ್ಕೆ ವಾಪಸ್. ವಿಶ್ವ ಕೂಟದಲ್ಲಿ ಮೂರು ಲೆಗ್ ಗೆದ್ದವರಿಗೆ ಒಂದು ಸೆಟ್, ಫೈನಲಿನಲ್ಲಿ ಏಳು ಸೆಟ್ ಗೆಲ್ಲಬೇಕು. ಒಂದು ಲೆಗ್ಗಿನಲ್ಲಿ ನೀವು ಎರಡು 180 ಹೊಡೆದು, ಕೊನೆಗೆ ಆರು ಡಾರ್ಟ್ ಡಬಲ್‌ನ ತಂತಿಯಿಂದ ಹೊರಗೆ ಬಿದ್ದವೋ, ನಿಧಾನಕ್ಕೆ ಬಂದ ಎದುರಾಳಿ ಲೆಗ್ ಕೊಂಡುಹೋಗುತ್ತಾನೆ. ನೀವು ಹೊಡೆದ 360ಕ್ಕೆ ಮತ್ತೆ ಬೆಲೆ ಇಲ್ಲ.

ಮೂರು ಡಾರ್ಟ್‌ನಲ್ಲಿ ಮುಗಿಸಬಹುದಾದ ಅತಿ ದೊಡ್ಡ ಅಂಕ 170: ಟ್ರಿಬಲ್ 20 (ಒಳಗಿನ ತೆಳು ಪಟ್ಟಿ, ಅಂಕ ಮೂರು ಪಟ್ಟು), ಟ್ರಿಬಲ್ 20, ಬುಲ್ (50). ಅದಕ್ಕಿಂತ ಕೆಳಗೆ 169, 168, 166, 165, 163, 162 ಮತ್ತು 159 ಉಳಿದರೆ ಮೂರರಲ್ಲಿ ಮುಗಿಸಲು ದಾರಿಯೇ ಇಲ್ಲ. ಆದ್ದರಿಂದ ಬಲ್ಲ ಆಟಗಾರರು ಹಿಂದಿನ ಸರದಿಯ ಕೊನೆಯ ಡಾರ್ಟನ್ನು ಈ ಏಳು ಸಂಖ್ಯೆಗಳು ಉಳಿಯದ ಹಾಗೆ ಎಸೆಯುತ್ತಾರೆ. ಒಂಬತ್ತು ಡಾರ್ಟ್‌ನ ಲೆಗ್ ಎಂದರೆ 180, 180, ಉಳಿದ 141. ಹೆಚ್ಚಾಗಿ ಅದನ್ನು ಟ್ರಿಬಲ್ 20, ಟ್ರಿಬಲ್ 19, ಡಬಲ್ 12ರಲ್ಲಿ ಮುಗಿಸುತ್ತಾರೆ.

ಹೊಸಬರು ಮೊದಲು ಬಾಯಿಪಾಠ ಮಾಡಬೇಕಾದ್ದು 32. ಡಬಲ್ 16ಕ್ಕೆ ಎಸೆದು ಒಳಗೆ ತಪ್ಪಿ ಬರೀ 16 ಬಿದ್ದರೆ 16 ಉಳಿಯುತ್ತದೆ, ಅದು ಡಬಲ್ 8. ಅದೂ ಒಳಗೆ ತಪ್ಪಿದರೆ ಡಬಲ್ 4, ಆಮೇಲೆ ಡಬಲ್ 2, ಡಬಲ್ 1. ನಾಲ್ಕು ಸಲ ತಪ್ಪಿದರೂ ದಾರಿ ಮುಚ್ಚುವುದಿಲ್ಲ. 40ರಲ್ಲಿ ಹಾಗಲ್ಲ: ಡಬಲ್ 20, ಡಬಲ್ 10, ಡಬಲ್ 5 ಆದ ಮೇಲೆ 5 ಉಳಿದರೆ ಸರಿಪಡಿಸಲು ಒಂದು ಡಾರ್ಟ್ ದಂಡ. ಆದ್ದರಿಂದ 48 ಉಳಿದರೆ 16 ಹೊಡೆಯಿರಿ, 41ಕ್ಕೆ 9, 50ಕ್ಕೆ 18. ಎಲ್ಲ 32ಕ್ಕೆ ಬಂದು ನಿಲ್ಲುತ್ತವೆ.

ಪ್ರಶ್ನೆ: ಸ್ಕಾಟ್ಲೆಂಡಿನಂಥ ಚಿಕ್ಕ ದೇಶದಿಂದ ಬೇರೆ ಯಾರು ವಿಶ್ವ ಚಾಂಪಿಯನ್ ಆಗಿದ್ದಾರೆ?
(ನಿವೃತ್ತ ಅಧ್ಯಾಪಕರು, ಕಾಸರಗೋಡು)

ಉತ್ತರ: ಮೊದಲಿಗರು ಜಾಕಿ ವಿಲ್ಸನ್. ಊರು ಕರ್ಕಾಲ್ಡಿ. ಕಲ್ಲಿದ್ದಲು ಹೊತ್ತು ಮನೆಮನೆಗೆ ಕೊಟ್ಟವರು, ಗಣಿಯಲ್ಲಿ ದುಡಿದವರು. ಕೆಲಸವಿಲ್ಲದೆ ಇದ್ದ 1979ರಲ್ಲಿ ಒಂದು ರಜಾ ಶಿಬಿರದ ಸ್ಪರ್ಧೆ ಗೆದ್ದು 500 ಪೌಂಡ್ ಬಹುಮಾನ ಪಡೆದದ್ದೇ ವೃತ್ತಿಗೆ ಬಾಗಿಲು. 1982ರಲ್ಲಿ ಜಾನ್ ಲೋ ಅವರನ್ನು 5–3ರಿಂದ ಸೋಲಿಸಿ ಚಾಂಪಿಯನ್ ಆದರು. 1989ರ ಫೈನಲಿನಲ್ಲಿ ಎರಿಕ್ ಬ್ರಿಸ್ಟೋ ಎದುರು 5–0 ಮುಂದಿದ್ದರು. ಬ್ರಿಸ್ಟೋ ಒಂದೊಂದೇ ಸೆಟ್ ಕಿತ್ತು 5–4ಕ್ಕೆ ತಂದರು. ಕೊನೆಗೆ ವಿಲ್ಸನ್ 6–4ರಿಂದ ಗೆದ್ದರು. 2012ರ ಮಾರ್ಚ್ 24ರಂದು, 62ನೆಯ ಹುಟ್ಟುಹಬ್ಬ ಕಳೆದು ಎರಡೇ ದಿನಕ್ಕೆ ತೀರಿಕೊಂಡರು.

ಲೆಸ್ ವಾಲೆಸ್ 1997ರಲ್ಲಿ ಬಿಡಿಒ ಚಾಂಪಿಯನ್. ಎಡಗೈಯಲ್ಲಿ ಎಸೆದು ವಿಶ್ವ ಪಟ್ಟ ಗೆದ್ದವರಲ್ಲಿ ಅವರೇ ಮೊದಲು. ಪೀಟರ್ ರೈಟ್ 2020 ಮತ್ತು 2022ರ ಪಿಡಿಸಿ ಚಾಂಪಿಯನ್. ಬಣ್ಣಬಣ್ಣದ ಕೂದಲಿನವರೆಂದರೆ ಟಿವಿ ನೋಡುವ ಎಲ್ಲರಿಗೂ ಗೊತ್ತು. ರಾಬರ್ಟ್ ಥಾರ್ನ್‌ಟನ್ ವಿಶ್ವ ಪಟ್ಟ ಗೆಲ್ಲದಿದ್ದರೂ 2012ರ ಯುಕೆ ಓಪನ್ ಫೈನಲಿನಲ್ಲಿ ಟೇಲರ್ ಅವರನ್ನು, 2015ರ ವರ್ಲ್ಡ್ ಗ್ರ್ಯಾನ್ ಪ್ರಿ ಫೈನಲಿನಲ್ಲಿ ವಾನ್ ಗೆರ್ವನ್ ಅವರನ್ನು ಸೋಲಿಸಿದವರು.

ಪ್ರಶ್ನೆ: 2016ರ ನಂತರ ಆಂಡರ್ಸನ್ ಏನೂ ಗೆಲ್ಲಲಿಲ್ಲವೇ?
(ಓದುಗರು, ಕುಂಬಳೆ)

ಉತ್ತರ: ಗೆದ್ದಿದ್ದಾರೆ. 2018 ಅವರ ತುಂಬು ವರ್ಷ. ಯುಕೆ ಓಪನ್, ವರ್ಲ್ಡ್ ಮ್ಯಾಚ್‌ಪ್ಲೇ, ಚಾಂಪಿಯನ್ಸ್ ಲೀಗ್ ಮೂರೂ ಆ ವರ್ಷವೇ. ಬ್ಲ್ಯಾಕ್‌ಪೂಲ್‌ನಲ್ಲಿ ನಡೆಯುವ ಮ್ಯಾಚ್‌ಪ್ಲೇಯಲ್ಲಿ ಸೆಟ್ ಇಲ್ಲ, ಬರೀ ಲೆಗ್. ಫೈನಲಿನಲ್ಲಿ ಮೆನ್ಸೂರ್ ಸುಲ್ಯೋವಿಚ್ ಎದುರು 21–19ರ ತನಕ ಹೋಯಿತು, ಅಂದರೆ ಒಂದೇ ಪಂದ್ಯದಲ್ಲಿ 40 ಲೆಗ್. ಮರುವರ್ಷ ಬೆನ್ನುನೋವಿನಿಂದ ಪ್ರೀಮಿಯರ್ ಲೀಗ್ ಬಿಡಬೇಕಾಯಿತು. ಆದರೆ 2019ರಲ್ಲೇ ಪೀಟರ್ ರೈಟ್ ಜೊತೆ ಐರ್ಲೆಂಡನ್ನು 3–1ರಿಂದ ಸೋಲಿಸಿ ಸ್ಕಾಟ್ಲೆಂಡಿಗೆ ಮೊದಲ ವಿಶ್ವಕಪ್ ತಂದರು. 2015 ಮತ್ತು 2018ರ ಫೈನಲುಗಳಲ್ಲಿ ಸೋತ ತಂಡಕ್ಕೆ ಅದು ತುಂಬ ಬೇಕಾಗಿದ್ದ ಗೆಲುವು. 2021ರ ಜನವರಿಯಲ್ಲಿ, 50 ದಾಟಿದ ಮೇಲೆ, ಐದನೆಯ ವಿಶ್ವ ಫೈನಲ್ ಆಡಿ ಗೆರ್ವಿನ್ ಪ್ರೈಸ್ ಎದುರು 3–7ರಿಂದ ಸೋತರು. ಕೋವಿಡ್ ಕಾರಣ ಆ ಫೈನಲಿಗೆ ಪ್ರೇಕ್ಷಕರೇ ಇರಲಿಲ್ಲ.

ಪ್ರಶ್ನೆ: ನಮ್ಮ ಕ್ಲಬ್ಬಿಗೆ ಗಲ್ಫಿನಲ್ಲಿರುವ ಸದಸ್ಯರೊಬ್ಬರು ಬೋರ್ಡ್ ಕಳುಹಿಸಿದ್ದಾರೆ. ಚೌತಿಗೆ ಸ್ಪರ್ಧೆ ಇಡಬೇಕೆಂದಿದ್ದೇವೆ. ಮುರಕಲ್ಲಿನ ಗೋಡೆಯಲ್ಲಿ ಸ್ಕ್ರೂ ನಿಲ್ಲುತ್ತಿಲ್ಲ. ಅಳತೆಯೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
(ಯುವಕ ಸಂಘದ ಕಾರ್ಯದರ್ಶಿ, ಪೆರ್ಲ)

ಉತ್ತರ: ಅಳತೆ ಮೊದಲು. ಬುಲ್‌ನ ನಡುಬಿಂದುವಿನಿಂದ ನೆಲಕ್ಕೆ 173 ಸೆಂಟಿಮೀಟರ್. ಬೋರ್ಡಿನ ಮುಖದಿಂದ ಎಸೆಯುವ ಗೆರೆಗೆ 237 ಸೆಂಟಿಮೀಟರ್. ತೊಂಬತ್ತು ಪಾಲು ಮಂದಿ ತಪ್ಪುವುದು ಇಲ್ಲೇ, ಗೋಡೆಯಿಂದ ಅಳೆಯುತ್ತಾರೆ. ಬೋರ್ಡ್ ಸುಮಾರು 4 ಸೆಂಟಿಮೀಟರ್ ದಪ್ಪ, ಹಿಂದೆ ಹಲಗೆ ಹಾಕಿದರೆ ಇನ್ನೂ ಎರಡು ಮೂರು. ಗೋಡೆಯಿಂದ ಅಳೆದರೆ ಗೆರೆ ಅಷ್ಟು ಹತ್ತಿರ ಬಂದುಬಿಡುತ್ತದೆ. ಗಾರೆ ಕೆಲಸದವರ ತೂಕದ ಗುಂಡನ್ನು ಬುಲ್‌ನ ಮುಂದೆ ಇಳಿಬಿಟ್ಟು ನೆಲದಲ್ಲಿ ಗುರುತು ಮಾಡಿ, ಅಲ್ಲಿಂದ 237 ಅಳೆಯಿರಿ. ನೆಲ ಏರುತಗ್ಗು ಇದೆಯೋ ಎಂದು ನೋಡಲು ಒಂದು ದಾರ ಸಾಕು: ಬುಲ್‌ನಿಂದ ಗೆರೆಗೆ ಓರೆಯಾಗಿ ಹಿಡಿದರೆ 293 ಸೆಂಟಿಮೀಟರ್ ಬರಬೇಕು. ಬಾರದಿದ್ದರೆ ಮೊದಲೆರಡು ಅಳತೆಗಳಲ್ಲಿ ಒಂದು ತಪ್ಪಿದೆ. ಕಪ್ಪು ಬಣ್ಣದ 20 ನೇರ ಮೇಲಿರಬೇಕು.

ಇನ್ನು ಗೋಡೆ. ಮುರಕಲ್ಲು ಹೊರಗೆ ಗಟ್ಟಿ ಕಂಡರೂ ಒಳಗೆ ತೂತುತೂತು. ಡ್ರಿಲ್ ಮಾಡಿದ ತೂತು ಪುಡಿಯಾಗಿ ಅಗಲವಾಗುತ್ತದೆ, ಪ್ಲಗ್ ತಿರುಗುತ್ತದೆ. ಬೋರ್ಡಿನ ತೂಕ 5 ಕಿಲೋ ಆಸುಪಾಸು. ಅಷ್ಟೂ ಭಾರ ಒಂದೇ ಸ್ಕ್ರೂವಿನ ಮೇಲೆ ಬಿದ್ದು, ಪ್ರತಿ ಡಾರ್ಟ್‌ಗೂ ಅಲುಗಿದರೆ ವಾರದಲ್ಲಿ ಜೋಲುತ್ತದೆ. ಆದ್ದರಿಂದ ಬೋರ್ಡನ್ನು ನೇರ ಗೋಡೆಗೆ ಹಾಕಬೇಡಿ. 8×4 ಅಡಿಯ ಪ್ಲೈವುಡ್ ಶೀಟನ್ನು ಅರ್ಧ ಮಾಡಿಸಿ 4×4ರ ತುಂಡು ತೆಗೆದುಕೊಳ್ಳಿ, ದಪ್ಪ 12 ಮಿಲಿಮೀಟರ್‌ಗಿಂತ ಕಡಿಮೆ ಬೇಡ. ಹಿಂದೆ ಎರಡು ಮರದ ರೀಪು ಹೊಡೆಯಿರಿ. ನಾಲ್ಕು ಮೂಲೆಗೂ ನಡುವಿಗೂ 75 ಮಿಲಿಮೀಟರಿನ ಸ್ಕ್ರೂ. ತೂತುಗಳನ್ನು ಕಲ್ಲಿನ ನಡುವಿಗೆ ಬರುವಂತೆ ಗುರುತು ಮಾಡಿ, ಗಾರೆಯ ಸಂದಿಯಲ್ಲಿ ಬೇಡ. ಪುಡಿ ಊದಿ ತೆಗೆದು, ಸಿಮೆಂಟ್ ಹಾಲು ತುಂಬಿಸಿ, ನೈಲಾನ್ ಪ್ಲಗ್ ಒತ್ತಿ ಒಂದು ದಿನ ಬಿಟ್ಟ ಮೇಲೆ ಸ್ಕ್ರೂ ತಿರುಗಿಸಿ. ಬೋರ್ಡಿನ ಬ್ರ್ಯಾಕೆಟ್ ಪ್ಲೈವುಡ್‌ಗೆ ಬರಲಿ.

ಬೋರ್ಡಿನ ಸುತ್ತ ಉಳಿದ ಹಲಗೆಗೆ ತೆಂಗಿನ ನಾರಿನ ದಪ್ಪ ಮ್ಯಾಟ್ ಹೊಡೆದರೆ ಒಳ್ಳೆಯದು. ತಪ್ಪಿದ ಡಾರ್ಟ್ ಪ್ಲೈವುಡ್‌ಗೆ ಚುಚ್ಚಿದರೆ ಕಿತ್ತು ತೆಗೆಯುವಾಗ ಶಾಫ್ಟ್ (ಡಾರ್ಟಿನ ಹಿಂದಿನ ಕಡ್ಡಿ) ತುಂಡಾಗುತ್ತದೆ, ಮುರಕಲ್ಲಿಗೆ ತಾಗಿದರೆ ತುದಿಯೇ ಮಡಚುತ್ತದೆ. ನೆಲಕ್ಕೂ ರಬ್ಬರ್ ಮ್ಯಾಟ್ ಬೇಕು. ಬೆಳಕು ಎಸೆಯುವವರ ಬೆನ್ನ ಹಿಂದಿನ ಟ್ಯೂಬ್‌ಲೈಟ್ ಆಗಬಾರದು, ಕೈಯ ನೆರಳು ಬೋರ್ಡಿನ ಮೇಲೆ ಬೀಳುತ್ತದೆ. ಮೇಲಿನಿಂದ ಎಡಬಲ ಎರಡು ಬಲ್ಬು ಬೋರ್ಡಿಗೆ ಮುಖ ಮಾಡಿದ್ದರೆ ಸಾಕು. ಚೌತಿಯ ದಿನ ಮಕ್ಕಳು ಓಡಾಡುತ್ತಾರೆ, ಬೋರ್ಡಿನ ಎರಡೂ ಬದಿ ಒಂದೂವರೆ ಮೀಟರ್ ಹಗ್ಗ ಕಟ್ಟಿ ಯಾರನ್ನೂ ಒಳಗೆ ಬಿಡಬೇಡಿ. ಉಕ್ಕಿನ ತುದಿ ತಂತಿಗೆ ತಾಗಿ ಹಿಂದಕ್ಕೆ ಹಾರುವುದುಂಟು.

ಪ್ರಶ್ನೆ: ಆಟಿಯ ಮಳೆಯಲ್ಲಿ ಬೋರ್ಡ್ ಉಬ್ಬಿ ಬೂಷ್ಟು ಹಿಡಿದಿದೆ. ಹಿರಿಯರೊಬ್ಬರು ಬೋರ್ಡನ್ನು ನೀರಿನಲ್ಲಿ ನೆನೆಸಿಡಬೇಕು ಎನ್ನುತ್ತಾರೆ. ಸರಿಯೇ?
(ಗೃಹಸ್ಥರು, ನೀರ್ಚಾಲು)

ಉತ್ತರ: ಖಂಡಿತ ನೆನೆಸಬೇಡಿ. ಹಿರಿಯರು ಹೇಳಿದ್ದು ಹಳೆಯ ಕಾಲದ ಎಲ್ಮ್ ಮರದ ಬೋರ್ಡಿಗೆ ಸರಿ. ಅದನ್ನು ರಾತ್ರಿ ನೀರಿನಲ್ಲಿಟ್ಟರೆ ತೂತುಗಳು ಮುಚ್ಚುತ್ತಿದ್ದವು. ಈಗಿನ ಬೋರ್ಡು ಸೈಸಲ್, ಅಂದರೆ ನಮ್ಮ ಗುಡ್ಡೆಗಳಲ್ಲೂ ಬೆಳೆಯುವ ಕತ್ತಾಳೆಯ ಜಾತಿಯ ಗಿಡದ ನಾರು. ನಾರಿನ ಚಿಕ್ಕ ಕಟ್ಟುಗಳನ್ನು ತುದಿ ಮುಂದಾಗಿ ನಿಲ್ಲಿಸಿ, ಒತ್ತಿ, ಸುತ್ತ ಉಕ್ಕಿನ ಪಟ್ಟಿ ಬಿಗಿದಿರುತ್ತಾರೆ. ಡಾರ್ಟ್ ನಾರನ್ನು ತುಂಡು ಮಾಡುವುದಿಲ್ಲ, ನಾರುಗಳ ನಡುವೆ ನುಗ್ಗುತ್ತದೆ. ಕಿತ್ತಾಗ ಅವು ಮತ್ತೆ ಕೂಡಿಕೊಳ್ಳುತ್ತವೆ. ನೀರು ಕುಡಿದರೆ ನಾರು ಉಬ್ಬುತ್ತದೆ. ಸುತ್ತ ಉಕ್ಕಿರುವ ಕಾರಣ ಹೊರಗೆ ಹೋಗಲು ಜಾಗವಿಲ್ಲದೆ ಮುಂದಕ್ಕೆ ದೂಡುತ್ತದೆ, ತಂತಿ ಏಳುತ್ತದೆ. ಒಣಗಿದ ಮೇಲೂ ಆ ಗುಳ್ಳೆ ಪೂರ್ತಿ ಇಳಿಯುವುದಿಲ್ಲ.

ಈಗ ಮಾಡಬೇಕಾದ್ದು: ಬೋರ್ಡನ್ನು ಗೋಡೆಯಿಂದ ಇಳಿಸಿ ಫ್ಯಾನಿನ ಗಾಳಿಗೆ ನೆಟ್ಟಗೆ ನಿಲ್ಲಿಸಿಡಿ. ಬೂಷ್ಟನ್ನು ಒಣ ಬ್ರಶ್ಶಿನಲ್ಲಿ ಮೆಲ್ಲಗೆ ಉಜ್ಜಿ ತೆಗೆಯಿರಿ, ಒದ್ದೆ ಬಟ್ಟೆ ಬೇಡ. ಬಿಸಿಲಿಗಿಡುವುದು, ಒಲೆಯ ಮೇಲಿನ ಕೊಬ್ಬರಿಯ ಅಟ್ಟದಲ್ಲಿಡುವುದು ಎರಡೂ ಬೇಡ. ಬೇಗ ಒಣಗಿದ ನಾರು ಪುಡಿಯಾಗುತ್ತದೆ, ಅಂಟು ಬಿಡುತ್ತದೆ. ಮಳೆಗಾಲದಲ್ಲಿ ಹೊರಗೋಡೆಯ ಒಳಮುಖಕ್ಕೆ ಬೋರ್ಡ್ ಹಾಕದೆ ಮನೆಯ ನಡುಗೋಡೆಗೆ ಹಾಕಿ, ಹಿಂದೆ ರೀಪಿನಿಂದಾಗಿ ಎರಡು ಬೆರಳಷ್ಟು ಗಾಳಿಯಾಡಲಿ.

ಪ್ರಶ್ನೆ: ಡಾರ್ಟ್ ಎಷ್ಟು ಗ್ರಾಮಿನದ್ದು ಕೊಳ್ಳಬೇಕು? ಹಿತ್ತಾಳೆಯದ್ದಕ್ಕೂ ಟಂಗ್‌ಸ್ಟನ್‌ನದ್ದಕ್ಕೂ ಬೆಲೆಯಲ್ಲಿ ಇಷ್ಟೊಂದು ವ್ಯತ್ಯಾಸ ಯಾಕೆ?
(ಓದುಗರು, ಮಂಜೇಶ್ವರ)

ಉತ್ತರ: ನಿಯಮದ ಪ್ರಕಾರ 50 ಗ್ರಾಂ ತನಕ ಇರಬಹುದು. ಆದರೆ ಹೆಚ್ಚಿನ ವೃತ್ತಿಪರರು 20ರಿಂದ 24 ಗ್ರಾಮಿನೊಳಗೆ ಆಡುತ್ತಾರೆ. ಹೊಸಬರು 22 ಅಥವಾ 23ರಿಂದ ಶುರು ಮಾಡಿ. ತೀರ ಹಗುರ ಡಾರ್ಟ್ ಕೈಯ ಚಿಕ್ಕ ನಡುಕವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ತೀರ ಭಾರದ್ದು ಇಳಿಮುಖವಾಗಿ ಬೀಳುತ್ತದೆ, ಬೀಳದ ಹಾಗೆ ತಳ್ಳಲು ಹೋಗಿ ಭುಜ ನೋಯುತ್ತದೆ.

ಟಂಗ್‌ಸ್ಟನ್ ಹಿತ್ತಾಳೆಗಿಂತ ಎರಡು ಪಟ್ಟಿಗೂ ಹೆಚ್ಚು ಸಾಂದ್ರ. ಆದ್ದರಿಂದ ಅದೇ ತೂಕದ ಬ್ಯಾರಲ್ (ಕೈಯಲ್ಲಿ ಹಿಡಿಯುವ ಲೋಹದ ಭಾಗ) ಸಣ್ಣಗೆ, ಕಡ್ಡಿಯ ಹಾಗೆ ಮಾಡಬಹುದು. ಟ್ರಿಬಲ್ 20ರ ಮನೆ 8 ಮಿಲಿಮೀಟರ್ ಎತ್ತರ, ಸುಮಾರು 32 ಮಿಲಿಮೀಟರ್ ಅಗಲ ಮಾತ್ರ. ಅಷ್ಟರೊಳಗೆ ದಪ್ಪ ಹಿತ್ತಾಳೆಯ ಎರಡು ಡಾರ್ಟ್ ಕೂತರೆ ಮೂರನೆಯದಕ್ಕೆ ದಾರಿ ಕಾಣುವುದಿಲ್ಲ, ಮೊದಲಿನದಕ್ಕೆ ತಾಗಿ ಕೆಳಗೆ ಬೀಳುತ್ತದೆ. ಬಿದ್ದ ಡಾರ್ಟ್‌ಗೆ ಅಂಕವಿಲ್ಲ. ನಿಮ್ಮ ಮೂರು ಡಾರ್ಟ್ ಒಂದು ಅಂಗೈ ಅಗಲದೊಳಗೆ ಬೀಳುವ ತನಕ ಹಿತ್ತಾಳೆಯದ್ದೇ ಧಾರಾಳ. ಆಮೇಲೆ ಟಂಗ್‌ಸ್ಟನ್ ಕೊಳ್ಳಿ.

ಡಾರ್ಟ್ ಬದಲಿಸುವ ಚಟಕ್ಕೆ ಪೀಟರ್ ರೈಟ್ ಹೆಸರಾದವರು. ಒಂದೇ ಕೂಟದಲ್ಲಿ ಬೇರೆ ಬೇರೆ ಸೆಟ್ ಬಳಸಿದ್ದುಂಟು, ಅವರ ಕೈ ಅದಕ್ಕೆ ಒಗ್ಗಿದೆ. ಕಲಿಯುವವರಿಗೆ ಅದು ಮಾದರಿ ಆಗದು. ಒಂದೇ ಡಾರ್ಟ್, ಒಂದೇ ಉದ್ದದ ಶಾಫ್ಟ್, ಒಂದೇ ಆಕಾರದ ಫ್ಲೈಟ್ (ಹಿಂದಿನ ರೆಕ್ಕೆ) ಇಟ್ಟು ಕನಿಷ್ಠ ಮೂರು ತಿಂಗಳು ಆಡಿ. ನಮ್ಮ ಸೆಕೆಯಲ್ಲಿ ಬೆರಳು ಬೆವರಿ ಬ್ಯಾರಲ್ ಜಾರುತ್ತದೆ, ಪಕ್ಕದಲ್ಲಿ ಒಂದು ಒಣ ಬೈರಾಸು ಇರಲಿ. ಐದಾರು ಎಸೆತಕ್ಕೊಮ್ಮೆ ಶಾಫ್ಟ್ ತಿರುಗಿಸಿ ನೋಡಿ. ಸಡಿಲಾದ ಶಾಫ್ಟ್‌ನಿಂದ ಡಾರ್ಟ್ ಓಲಾಡಿಕೊಂಡು ಹೋಗುತ್ತದೆ, ಆಟಗಾರ ಮಾತ್ರ ತನ್ನ ಕೈಯದ್ದೇ ತಪ್ಪೆಂದು ತಿಳಿದುಕೊಳ್ಳುತ್ತಾನೆ.

ಪ್ರಶ್ನೆ: ನನ್ನ ಡಾರ್ಟ್ ಎಲ್ಲಾ ಕಡೆ ಚೆದುರುತ್ತವೆ. ಎಲ್ಲರೂ 20ಕ್ಕೇ ಎಸೆಯಲು ಹೇಳುತ್ತಾರೆ.
(ಹೈಸ್ಕೂಲ್ ವಿದ್ಯಾರ್ಥಿ, ಬದಿಯಡ್ಕ)

ಉತ್ತರ: ಸದ್ಯಕ್ಕೆ 20 ನಿಮ್ಮದಲ್ಲ, ತಮ್ಮಾ. ಅದರ ಅಕ್ಕಪಕ್ಕ 1 ಮತ್ತು 5 ಇಟ್ಟಿರುವುದೇ ತಪ್ಪಿದವರಿಗೆ ಶಿಕ್ಷೆಯಾಗಲಿ ಎಂದು. ಮೂರು ಮನೆಗಳಲ್ಲಿ ಸಮನಾಗಿ ಚೆದುರಿದರೆ 20, 1, 5ರ ಸರಾಸರಿ 9ನ್ನೂ ಮುಟ್ಟುವುದಿಲ್ಲ. ಬೋರ್ಡಿನ ಎಡಬದಿ ನೋಡಿ: 9, 14, 11, 8, 16 ಸಾಲಾಗಿ ಇವೆ. 14ಕ್ಕೆ ಗುರಿಯಿಟ್ಟು ಪಕ್ಕಕ್ಕೆ ತಪ್ಪಿದರೂ 9 ಅಥವಾ 11 ಸಿಗುತ್ತದೆ, ಸರಾಸರಿ 11ರ ಮೇಲೆ. ಪಂದ್ಯದಲ್ಲಿ ಎಡಕ್ಕೆ ಎಸೆಯಿರಿ, ಅಭ್ಯಾಸದಲ್ಲಿ 20ಕ್ಕೆ.

ಅಭ್ಯಾಸಕ್ಕೆ ಡಬಲ್‌ನ ಒಂದು ಒಳ್ಳೆಯ ಆಟವಿದೆ, ಬಾಬ್ಸ್ 27 ಎಂದು ಹೆಸರು. 27 ಅಂಕದಿಂದ ಶುರು. ಡಬಲ್ 1ಕ್ಕೆ ಮೂರು ಡಾರ್ಟ್. ಬಿದ್ದ ಪ್ರತಿಯೊಂದಕ್ಕೂ 2 ಕೂಡಿಸಿ, ಮೂರೂ ತಪ್ಪಿದರೆ 2 ಕಳೆಯಿರಿ. ಮುಂದೆ ಡಬಲ್ 2ಕ್ಕೆ 4, ಡಬಲ್ 3ಕ್ಕೆ 6, ಹೀಗೆ ಡಬಲ್ 20ರ ತನಕ, ಕೊನೆಗೆ ಬುಲ್. ಅಂಕ ಸೊನ್ನೆಗೆ ಅಥವಾ ಕೆಳಗೆ ಇಳಿದರೆ ಆಟ ಮುಗಿಯಿತು. ಮೊದಲ ವಾರ ಡಬಲ್ 6 ದಾಟುವುದೇ ಕಷ್ಟ. ಅಂಕವನ್ನು ದಿನಾಂಕದೊಂದಿಗೆ ಪುಸ್ತಕದಲ್ಲಿ ಬರೆದಿಡಿ.

ಎಸೆಯುವಾಗ ಮುಂಗಾಲಿನ ಮೇಲೆ ಹೆಚ್ಚು ಭಾರ, ಹಿಂಗಾಲಿನ ಬೆರಳು ನೆಲಕ್ಕೆ ತಾಗಿರಲಿ. ಮೊಣಕೈ ಎತ್ತಿ ಹಿಡಿದ ಜಾಗದಿಂದ ಪಕ್ಕಕ್ಕೆ ಹೊರಳಬಾರದು. ಡಾರ್ಟ್ ಬಿಟ್ಟ ಮೇಲೂ ಕೈ ಗುರಿಯ ಕಡೆ ಚಾಚಿರಲಿ. ಆಂಡರ್ಸನ್ ಅವರ ಎಸೆತವನ್ನು ಬದಿಯಿಂದ ನಿಧಾನಗತಿಯಲ್ಲಿ ನೋಡಿ: ಹಿಂದಕ್ಕೆ ತರುವ ವೇಗಕ್ಕೂ ಮುಂದಕ್ಕೆ ಬಿಡುವ ವೇಗಕ್ಕೂ ನಡುವೆ ಜಗ್ಗಾಟವಿಲ್ಲ. ಡಾರ್ಟ್‌ಗಳು ಯಾವಾಗಲೂ ಕೆಳಗೇ ಬೀಳುತ್ತಿದ್ದರೆ ಕೈಯನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದೀರಿ ಎಂದೇ ಅರ್ಥ. ಇನ್ನೂ ಬಲ ಹಾಕಲು ಹೋಗಬೇಡಿ.

ಪ್ರಶ್ನೆ: ಮಗ ಪ್ಲಸ್ ಟು ಓದುತ್ತಿದ್ದಾನೆ. ಮೂರು ಹೊತ್ತೂ ಡಾರ್ಟ್ಸ್. ಇದು ಬಾರಿನಲ್ಲಿ ಆಡುವ ಆಟವೆಂದು ಅವನ ಮಾವ ಬಯ್ಯುತ್ತಾರೆ. ಇದರಿಂದ ಬದುಕು ನಡೆಯುತ್ತದೆಯೇ?
(ತಾಯಿಯೊಬ್ಬರು, ಮುಳ್ಳೇರಿಯ)

ಉತ್ತರ: ಅಮ್ಮಾ, ಆಟ ಬೆಳೆದದ್ದು ಬ್ರಿಟನ್ನಿನ ಪಬ್‌ಗಳಲ್ಲಿ ಎಂಬುದು ನಿಜ. ಆದರೆ 2005ರಲ್ಲೇ ಅಲ್ಲಿನ ಸ್ಪೋರ್ಟ್ ಇಂಗ್ಲೆಂಡ್ ಇದನ್ನು ಕ್ರೀಡೆಯಾಗಿ ಅಂಗೀಕರಿಸಿದೆ. ಮನೆಯಲ್ಲಿ ಆಡಲು ಕೇರಂನಷ್ಟೇ ಸಭ್ಯ ಆಟ.

ಬದುಕಿನ ಪ್ರಶ್ನೆಗೆ ಸ್ವಲ್ಪ ವಿವರ ಬೇಕು. ಪಿಡಿಸಿಯ ಟೂರ್ ಕಾರ್ಡ್ ಇರುವುದು 128 ಜನರಿಗೆ ಮಾತ್ರ. ಹಣದ ಪಟ್ಟಿಯ ಮೊದಲ 64 ಮಂದಿ ಉಳಿದುಕೊಳ್ಳುತ್ತಾರೆ. ಬಾಕಿಯವರು ಜನವರಿಯಲ್ಲಿ ನಡೆಯುವ ಕ್ಯೂ ಸ್ಕೂಲ್ ಎಂಬ ಅರ್ಹತಾ ಸುತ್ತಿನಲ್ಲಿ ಗೆದ್ದು ಎರಡು ವರ್ಷಕ್ಕೆ ಕಾರ್ಡ್ ಪಡೆಯಬೇಕು. ಪ್ರವೇಶ ಶುಲ್ಕ, ವೀಸಾ, ವಿಮಾನ, ಊಟ, ವಸತಿ ಎಲ್ಲ ಕೈಯಿಂದಲೇ. ಪಟ್ಟಿಯಲ್ಲಿ ಎರಡು ವರ್ಷದ ಬಹುಮಾನದ ಹಣ ಮಾತ್ರ ಲೆಕ್ಕಕ್ಕೆ ಬರುತ್ತದೆ, ಹಳೆಯದು ಉದುರುತ್ತ ಹೋಗುತ್ತದೆ. 2022ರಲ್ಲಿ ವಿಶ್ವ ಪಟ್ಟಕ್ಕೆ ರೈಟ್ ಅವರಿಗೆ ಸಿಕ್ಕ 5 ಲಕ್ಷ ಪೌಂಡ್ ಎರಡು ವರ್ಷ ಕಳೆದಾಗ ಪಟ್ಟಿಯಿಂದ ಒಮ್ಮೆಲೇ ಹೋಯಿತು. ಚಾಂಪಿಯನ್ ಆದವರಿಗೂ ಆ ನಿಯಮದಿಂದ ಬಿಡುಗಡೆ ಇಲ್ಲ. ಸ್ಕಾಟ್ಲೆಂಡಿನಲ್ಲೇ ಕ್ಯಾಮರನ್ ಮೆಂಜೀಸ್ ಪ್ಲಂಬಿಂಗ್ ಕೆಲಸದ ಜೊತೆಗೆ, ಅಲನ್ ಸೌಟರ್ ಅಗ್ನಿಶಾಮಕ ದಳದ ಕೆಲಸದ ಜೊತೆಗೆ ವೃತ್ತಿಪರ ಡಾರ್ಟ್ಸ್ ಆಡಿದವರು.

ಭಾರತದಿಂದ ಹೋದವರೂ ಇದ್ದಾರೆ. ನಿತಿನ್ ಕುಮಾರ್ ಒಂದಕ್ಕಿಂತ ಹೆಚ್ಚು ಸಲ ಅಲೆಕ್ಸಾಂಡ್ರಾ ಪ್ಯಾಲೇಸ್‌ನ ವಿಶ್ವ ಕೂಟದಲ್ಲಿ ಆಡಿದ್ದಾರೆ. ದಾರಿ ಇದೆ, ಕಿರಿದಾಗಿದೆ. ಮಗನಿಗೆ ಒಂದು ಅಳತೆಗೋಲು ಕೊಡಿ: 501ನ್ನು ಅವನು ಎಷ್ಟು ಡಾರ್ಟ್‌ನಲ್ಲಿ ಮುಗಿಸುತ್ತಾನೆಂದು ಒಂದು ತಿಂಗಳು ಬರೆದಿಡಲಿ. 501ನ್ನು ಡಾರ್ಟ್‌ನ ಸಂಖ್ಯೆಯಿಂದ ಭಾಗಿಸಿ ಮೂರರಿಂದ ಗುಣಿಸಿದರೆ ಸರಾಸರಿ. 30 ಡಾರ್ಟ್ ಆದರೆ 50, 21 ಆದರೆ 71ರ ಮೇಲೆ, 18 ಆದರೆ 83.5, 15 ಆದರೆ 100ರ ಮೇಲೆ. ತಿಂಗಳಿಡೀ, ಸೋತ ದಿನಗಳನ್ನೂ ಸೇರಿಸಿ, 80ರ ಮೇಲೆ ನಿಂತರೆ ಊರಿನ ಹೊರಗೆ ಸ್ಪರ್ಧೆಗೆ ಕಳುಹಿಸುವ ಮಾತಾಡಬಹುದು. ಅಲ್ಲಿಯ ತನಕ ಪರೀಕ್ಷೆ ಮೊದಲು, ಡಾರ್ಟ್ಸ್ ದಿನಕ್ಕೆ ಒಂದು ಗಂಟೆ. ಅವನ ಮಾವನಿಗೂ ಮೂರು ಡಾರ್ಟ್ ಕೊಟ್ಟು ಎಸೆಯಲು ಹೇಳಿ.

ಪ್ರಶ್ನೆ: ಆರು ತಿಂಗಳಲ್ಲೇ 20ರ ಮನೆ ಸವೆದು ಡಾರ್ಟ್ ನಿಲ್ಲುತ್ತಿಲ್ಲ. ಬೋರ್ಡ್ ಬಿಸಾಡಬೇಕೇ?
(ಓದುಗರು, ಉಪ್ಪಳ)

ಉತ್ತರ: ಬೇಡ. ಸಂಖ್ಯೆಗಳಿರುವ ತಂತಿಯ ಬಳೆ ಕ್ಲಿಪ್ಪಿನಲ್ಲಿ ನಿಂತಿರುತ್ತದೆ, ಕಳಚಿ. ಬೋರ್ಡನ್ನು ಎರಡು ಮನೆ ತಿರುಗಿಸಿ ಬಳೆಯನ್ನು ಮತ್ತೆ 20 ಮೇಲೆ ಬರುವಂತೆ ಹಾಕಿ. ಒಂದೇ ಮನೆ ತಿರುಗಿಸಿದರೆ 20 ಬಿಳಿಗೆ ಬರುತ್ತದೆ, ಅದು ಕಪ್ಪಿನಲ್ಲೇ ಇರಬೇಕು. ಆದ್ದರಿಂದ ಯಾವಾಗಲೂ ಎರಡು, ನಾಲ್ಕು, ಆರು. ಇದನ್ನು ಸವೆದ ಮೇಲೆ ಮಾಡುವ ಬದಲು ಎರಡು ವಾರಕ್ಕೊಮ್ಮೆ ಮಾಡಿ. ಡಾರ್ಟ್ ಕೀಳುವಾಗ ನೇರ ಎಳೆಯದೆ ಸ್ವಲ್ಪ ತಿರುಗಿಸಿ ತೆಗೆಯಿರಿ. ತುದಿಯಲ್ಲಿ ಕೊಕ್ಕೆಯಂಥ ಮುರುಕು ಎದ್ದಿದ್ದರೆ ಅದೇ ನಾರನ್ನು ಹೊರಗೆ ಎಳೆಯುವುದು. ಬೆರಳ ಉಗುರಿನ ಮೇಲೆ ತುದಿಯನ್ನು ಮೆಲ್ಲಗೆ ಎಳೆದರೆ ಗೀರು ಬೀಳುತ್ತದೆ, ಆಗ ಸಾಣೆಕಲ್ಲಿಗೆ ತಿರುಗಿಸುತ್ತ ನಾಲ್ಕು ಸಲ ಉಜ್ಜಿ. ಸೂಜಿಯಷ್ಟು ಚೂಪು ಮಾಡಬೇಡಿ, ಅಂಥ ತುದಿ ಬೇಗ ಮಡಚಿ ಮತ್ತೆ ಕೊಕ್ಕೆಯಾಗುತ್ತದೆ.